ಪೊಲೀಸನಲ್ಲದ ಪೊಲೀಸ್: ಜ್ಯಾಕ್ ವೆಬ್

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸಂಸಾರಕ್ಕೆ ಒಪ್ಪುವ ಈ ಮಾತು ಕಲೆಗೂ ಒಪ್ಪೀತೇ ಎಂದು ಕೇಳಿದರೆ ಬಹುಮಂದಿ ಇಲ್ಲವೆಂದು ತಲೆಯಾಡಿಸಿಯಾರು. ಅದರಲ್ಲಿಯೂ ಸಿನಿಮಾ ಎಂಬುದು ಹಣದ ಹೊಳೆ ಹರಿಯದೆ ಹುಟ್ಟಲಾರದ ಕಲೆಯೆಂಬುದು ಸಾಮಾನ್ಯ ನಂಬಿಕೆ. ಆದರೆ ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಹಾಲಿವುಡ್ಡಿನಲ್ಲಿ ತೀರ ಕಡಿಮೆ ಖರ್ಚಿನಲ್ಲಿ ತಯಾರಾದ ಕೆಲವು ಪತ್ತೇದಾರಿ ಚಿತ್ರಗಳು ಈ ನಂಬಿಕೆಯನ್ನು ಸುಳ್ಳಾಗಿಸಿದವು. ಕತ್ತಲೆ, ಒದ್ದೆಯಾದ ಬೀದಿ, ಒಂಟಿ ದೀಪ, ಬೆನ್ನು ತಿರುಗಿಸಿ ನೋಡುತ್ತ ಓಡುವ ಒಬ್ಬ ಮನುಷ್ಯ, ಇಷ್ಟೇ ಅವುಗಳ ಬಂಡವಾಳ. ಈ ಮನೋಧರ್ಮದ ಅಮೆರಿಕನ್ ಚಿತ್ರಗಳಿಗೆ ಫ್ರಾನ್ಸಿನ ವಿಮರ್ಶಕರು 1946ರಲ್ಲಿ ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಎಂಬ ಹೆಸರನ್ನು ಕೊಟ್ಟರು.

ಇಂತಹ ಬಡ ಚಿತ್ರವೊಂದರಲ್ಲಿ ಸಣ್ಣ ಪಾತ್ರ ವಹಿಸಿ, ಅಲ್ಲಿ ಕಲಿತ ಪಾಠವನ್ನು ಟೆಲಿವಿಷನ್ನಿಗೆ ಹೊತ್ತುಕೊಂಡು ಹೋಗಿ, ಇಡೀ ಅಮೆರಿಕವು ಪೊಲೀಸರನ್ನು ನೋಡುವ ಕಣ್ಣನ್ನೇ ಬದಲಾಯಿಸಿದವನು ಜ್ಯಾಕ್ ವೆಬ್. ಅವನು ನಟ, ನಿರ್ದೇಶಕ, ನಿರ್ಮಾಪಕ. ಅವನ ಬಾಳು ಬಡತನದಿಂದ ಏಳಿಗೆಗೆ ಬಂದ ಒಬ್ಬನ ಕಥೆಯೆಂಬುದು ನಿಜ. ಅಷ್ಟೇ ಆಗಿದ್ದರೆ ಅದನ್ನು ಇಲ್ಲಿ ಬರೆಯುವ ಅವಶ್ಯಕತೆ ಇರಲಿಲ್ಲ. ಏಳಿಗೆಗೆ ಬರುವವನು ಹಳೆಯ ಮನೆಯಿಂದ ಏನನ್ನು ಹೊತ್ತು ತರುತ್ತಾನೆ, ಏನನ್ನು ಬಿಟ್ಟು ಬರುತ್ತಾನೆ ಎಂಬುದು ನಮ್ಮಂತಹವರು ಯೋಚಿಸಬೇಕಾದ ವಿಷಯ. ವೆಬ್ಬನ ಜೀವನ ಈ ಯೋಚನೆಗೆ ಒಳ್ಳೆಯ ಆಧಾರವಾಗಿದೆ.

ಜಾನ್ ರ್‍ಯಾಂಡಾಲ್ಫ್ ವೆಬ್ ಹುಟ್ಟಿದ್ದು 1920ನೆಯ ಇಸವಿ ಏಪ್ರಿಲ್ 2ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಎಂಬ ಊರಿನಲ್ಲಿ. ತಂದೆ ಮನೆ ಬಿಟ್ಟು ಹೋಗಿದ್ದನು. ಮಗನು ತಂದೆಯ ಮುಖವನ್ನು ಅರಿಯದೆ ಬೆಳೆದನು. ತಾಯಿ ಮತ್ತು ಅಜ್ಜಿ ಸೇರಿ ಅವನನ್ನು ಸಾಕಿದ್ದು ಲಾಸ್ ಏಂಜಲಿಸ್ ನಗರದ ಬಂಕರ್ ಹಿಲ್ ಎಂಬ ದಿಣ್ಣೆಯ ಕೇರಿಯಲ್ಲಿ. ಹಿಂದೊಂದು ಕಾಲಕ್ಕೆ ಅಲ್ಲಿ ಸಿರಿವಂತರ ಮಹಲುಗಳಿದ್ದವು. ಸಿರಿವಂತರು ಬೇರೆಡೆಗೆ ಹೋದ ಮೇಲೆ ಆ ಮಹಲುಗಳು ಕೊಠಡಿ ಕೊಠಡಿಯಾಗಿ ಬಾಡಿಗೆಗೆ ಹೋದವು. ಮುರಿದ ಮೆಟ್ಟಿಲು, ಬಣ್ಣ ಕಳಚಿದ ಜಗುಲಿ, ಗೊತ್ತುಗುರಿಯಿಲ್ಲದ ಬಾಡಿಗೆದಾರರು. ಮುಂದೆ ‘ಕ್ರಿಸ್ ಕ್ರಾಸ್’ (1949), ‘ಕಿಸ್ ಮಿ ಡೆಡ್ಲಿ’ (1955) ಮೊದಲಾದ ಕಪ್ಪು ಚಿತ್ರಗಳನ್ನು ತೆಗೆದವರು ತಮ್ಮ ಕ್ಯಾಮರಾಗಳನ್ನು ಹೊತ್ತುಕೊಂಡು ಬಂದದ್ದು ಇದೇ ಕೇರಿಗೆ. ಅವರಿಗೆ ಅದು ಹಿನ್ನೆಲೆಯ ದೃಶ್ಯ. ವೆಬ್ಬನಿಗೆ ಅದು ಮನೆ. 1960ರ ದಶಕದಲ್ಲಿ ನಗರಾಡಳಿತವು ಆ ಹಳೆಯ ಮನೆಗಳನ್ನೆಲ್ಲ ಕೆಡವಿಸಿಹಾಕಿತು. ಇಂದು ಅಲ್ಲಿ ಗಗನಚುಂಬಿ ಕಟ್ಟಡಗಳಿವೆ. ಹಳೆಯ ಬಂಕರ್ ಹಿಲ್ಲನ್ನು ಕಾಣಬೇಕೆಂದರೆ ಆ ಚಿತ್ರಗಳಲ್ಲಿಯೇ ಕಾಣಬೇಕು.

ಬಾಲಕನಿಗೆ ಉಬ್ಬಸದ ಕಾಯಿಲೆ. ಓಡಿಯಾಡುವ ಆಟಗಳು ದೂರವಾದ್ದರಿಂದ ಓದು ಮತ್ತು ಚಿತ್ರ ಬರೆಯುವುದು ಹತ್ತಿರವಾದವು. ಅದೇ ಮನೆಯಲ್ಲಿ ಬಾಡಿಗೆಗಿದ್ದ ಸಂಗೀತಗಾರನೊಬ್ಬನು ಬಿಕ್ಸ್ ಬೈಡರ್ಬೆಕನ ಜ್ಯಾಸ್ ವಾದನದ ಒಂದು ಗ್ರಾಮಾಫೋನ್ ತಟ್ಟೆಯನ್ನು ಅವನಿಗೆ ಕೊಟ್ಟನಂತೆ. ಆ ಸಂಗೀತದ ಹುಚ್ಚು ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಬೆಲ್ಮಾಂಟ್ ಹೈಸ್ಕೂಲಿನಲ್ಲಿ ಓದುವಾಗ ವಿದ್ಯಾರ್ಥಿ ಸಂಘದ ಅಧ್ಯಕ್ಷನಾಗಿ ಆರಿಸಿ ಬಂದನು. ಹೈಸ್ಕೂಲು ಮುಗಿದ ಮೇಲೆ ಮನೆಯ ಹೊಣೆ ಹೆಗಲಿಗೇರಿತು. ದುಡಿಯುವ ಗಂಡಸಿಲ್ಲದ ಮನೆಯಲ್ಲಿ ಹುಡುಗನ ಹೈಸ್ಕೂಲು ಮುಗಿಯುವುದನ್ನೇ ಎಷ್ಟು ಕಣ್ಣುಗಳು ಕಾಯುತ್ತಿರುತ್ತವೆ ಎಂಬುದನ್ನು ನಮ್ಮಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಬಂದಿತು. ವೆಬ್ ಸೇನೆಯ ವಿಮಾನ ದಳವನ್ನು ಸೇರಿದನು. ವಿಮಾನ ಹಾರಿಸುವ ಶಿಕ್ಷಣದಲ್ಲಿ ತೇರ್ಗಡೆಯಾಗಲಿಲ್ಲ. ತಾಯಿ ಮತ್ತು ಅಜ್ಜಿ ಇವನ ಸಂಪಾದನೆಯನ್ನೇ ನಂಬಿದ್ದರೆಂಬ ಕಾರಣದಿಂದ ಸೇನೆ ಅವನನ್ನು ಬಿಡುಗಡೆ ಮಾಡಿತು. ಆಗ ಅವನು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಗಿ ಒಂದು ರೇಡಿಯೋ ನಿಲಯವನ್ನು ಸೇರಿದನು. 1946ರಲ್ಲಿ ‘ಪ್ಯಾಟ್ ನೋವಾಕ್ ಫಾರ್ ಹೈರ್’ ಎಂಬ ಪತ್ತೇದಾರಿ ಬಾನುಲಿ ಧಾರಾವಾಹಿಯಲ್ಲಿ ನಾಯಕನ ಪಾತ್ರ ದೊರೆಯಿತು. ಅದರ ಲೇಖಕ ರಿಚರ್ಡ್ ಬ್ರೀನ್. ಬಂದರುಕಟ್ಟೆಯಲ್ಲಿ ದೋಣಿ ಬಾಡಿಗೆಗೆ ಕೊಡುತ್ತ ಬೇಡದ ತೊಂದರೆಗಳಲ್ಲಿ ಸಿಕ್ಕಿಕೊಳ್ಳುವ ನಾಯಕ. ಉಪಮೆಯ ಮೇಲೆ ಉಪಮೆ ಪೇರಿಸುವ ಒರಟು ಮಾತು. ಪೊಲೀಸರೆಂದರೆ ಮೂರ್ಖರು ಅಥವಾ ಕ್ರೂರಿಗಳು. ಅಂದಿನ ಪತ್ತೇದಾರಿ ಕಥೆಗಳ ಜಾಡೇ ಅದು. ಪೊಲೀಸರನ್ನು ಹಂಗಿಸುವ ಪಾತ್ರದಿಂದ ಹೆಸರು ಮಾಡಿದವನು ಮುಂದೆ ಅವರ ವಕೀಲನೇ ಆದದ್ದು ಹೇಗೆ ಎಂಬುದರಲ್ಲಿಯೇ ಅವನ ಜೀವನದ ತಿರುವು ಅಡಗಿದೆ.

ಆ ತಿರುವು ಬಂದದ್ದು 1948ರಲ್ಲಿ. ಈಗಲ್-ಲಯನ್ ಎಂಬ ಚಿಕ್ಕ ಸಂಸ್ಥೆ ‘ಹಿ ವಾಕ್ಡ್ ಬೈ ನೈಟ್’ ಎಂಬ ಚಿತ್ರವನ್ನು ತೆಗೆಯಿತು. ನಿರ್ದೇಶಕನೆಂದು ಆಲ್ಫ್ರೆಡ್ ವರ್ಕರನ ಹೆಸರಿದೆ. ಕೆಲವು ಭಾಗಗಳನ್ನು ತೆಗೆದ ಆಂಟನಿ ಮ್ಯಾನನ ಹೆಸರು ತೆರೆಯ ಮೇಲೆ ಬರುವುದಿಲ್ಲ. ಛಾಯಾಗ್ರಾಹಕ ಜಾನ್ ಆಲ್ಟನ್. ಕೊಲೆಗಾರನ ಪಾತ್ರ ರಿಚರ್ಡ್ ಬೇಸ್‌ಹಾರ್ಟನದು. ಪೊಲೀಸ್ ಪ್ರಯೋಗಾಲಯದ ಸಹಾಯಕನ ಸಣ್ಣ ಪಾತ್ರ ವೆಬ್ಬನಿಗೆ ಬಂದಿತು.

ಈ ಚಿತ್ರ ಕಡಿಮೆ ಹಣದಲ್ಲಿ ಹೇಗೆ ನಿಂತಿತೆಂಬುದನ್ನು ಗಮನಿಸಬೇಕು. ದೊಡ್ಡ ಸೆಟ್ಟು ಕಟ್ಟಲು ಹಣವಿಲ್ಲದಿದ್ದರೆ ಕತ್ತಲೆಯಿಂದ ಗೋಡೆಗಳನ್ನು ಮುಚ್ಚಬಹುದು. ಕಾಣದ ಗೋಡೆಗೆ ಬಣ್ಣ ಬಳಿಯಬೇಕಾಗಿಲ್ಲ. ಹತ್ತು ದೀಪಗಳ ಬದಲು ಒಂದೇ ದೀಪವನ್ನು ಸರಿಯಾದ ಜಾಗದಲ್ಲಿಟ್ಟರೆ ಅರ್ಧ ಮುಖ ಬೆಳಗಿ ಅರ್ಧ ಮುಖ ಮರೆಯಾಗುತ್ತದೆ. ನೋಡುವವನ ಎದೆ ಡವಗುಟ್ಟುತ್ತದೆ. ಆಲ್ಟನ್ ಈ ವಿದ್ಯೆಯಲ್ಲಿ ಪಳಗಿದವನು. 1949ರಲ್ಲಿ ‘ಪೇಂಟಿಂಗ್ ವಿತ್ ಲೈಟ್’ ಎಂಬ ಗ್ರಂಥವನ್ನೇ ಬರೆದನು. ಕಥೆಯ ಕೊಂಡಿಗಳನ್ನು ದೃಶ್ಯಗಳಲ್ಲಿ ತೋರಿಸುವಷ್ಟು ಹಣವಿಲ್ಲದಿದ್ದರೆ ನಿರೂಪಕನ ಧ್ವನಿಯೊಂದು ಸಾಕು. ಊರನ್ನು ಕಟ್ಟುವುದರ ಬದಲು ಇದ್ದ ಊರಿನಲ್ಲೇ ಚಿತ್ರ ತೆಗೆಯಬಹುದು. ಕೊನೆಯ ಬೆನ್ನಟ್ಟುವಿಕೆ ನಡೆಯುವುದು ಲಾಸ್ ಏಂಜಲಿಸಿನ ನೆಲದಡಿಯ ಮಳೆನೀರ ಕಾಲುವೆಗಳಲ್ಲಿ. ಕಥೆಯನ್ನು ಕೊಂಡುಕೊಳ್ಳುವುದರ ಬದಲು ಪೊಲೀಸ್ ಕಡತದಿಂದ ತೆಗೆದುಕೊಳ್ಳಬಹುದು. ಈ ಚಿತ್ರದ ಮೂಲ, 1945-46ರಲ್ಲಿ ಆ ಪ್ರದೇಶವನ್ನು ನಡುಗಿಸಿದ ಎರ್ವಿನ್ ವಾಕರ್ ಎಂಬ ಮಾಜಿ ಸೈನಿಕನ ಅಪರಾಧಗಳು.

ಚಿತ್ರವನ್ನು ನೋಡಿದರೆ ಅದರಲ್ಲಿ ಎರಡು ಭಾಗಗಳು ಕೂಡಿಕೊಂಡಿರುವುದು ತಿಳಿಯುತ್ತದೆ. ಒಂದು ಕಚೇರಿಯ ಭಾಗ. ಬೆಳಕು ಸಮನಾಗಿ ಬಿದ್ದ ಕೋಣೆ, ಮೇಜು, ಟೆಲಿಫೋನು, ಕಡತ. ಸಾಕ್ಷಿಗಳು ಒಬ್ಬೊಬ್ಬರಾಗಿ ಮೂಗು, ಹಣೆ, ಗದ್ದಗಳನ್ನು ನೆನಪಿಸಿಕೊಳ್ಳುತ್ತಾರೆ. ಪ್ರಯೋಗಾಲಯದ ಯುವಕ, ಎಂದರೆ ನಮ್ಮ ವೆಬ್, ಅವನ್ನೆಲ್ಲ ಜೋಡಿಸಿ ಪರದೆಯ ಮೇಲೆ ಅಪರಾಧಿಯ ಮುಖವನ್ನು ಮೂಡಿಸುತ್ತಾನೆ. ಇದು ಇಂದಿನ ಟೆಲಿವಿಷನ್ ಪೊಲೀಸ್ ಧಾರಾವಾಹಿಯೇ ಸರಿ. ಇನ್ನೊಂದು ಇರುಳಿನ ಭಾಗ. ಅಲ್ಲಿ ಕೊಲೆಗಾರನು ಒಬ್ಬನೇ ಇದ್ದಾನೆ. ಜೊತೆಗೆ ಅವನ ನಾಯಿ. ಮೈಗೆ ಹೊಕ್ಕ ಗುಂಡನ್ನು ವೈದ್ಯರ ನೆರವಿಲ್ಲದೆ ತಾನೇ ಕಿತ್ತು ತೆಗೆಯುತ್ತಾನೆ. ಅವನು ದುಷ್ಟನೆಂದು ನಮಗೆ ಗೊತ್ತು. ಆದರೂ ಆ ಗಳಿಗೆಯಲ್ಲಿ ನೋಯುವುದು ನಮ್ಮ ಮೈ. ಕಪ್ಪು ಚಿತ್ರಗಳ ನಿಜವಾದ ಬಲವಿರುವುದು ಇಲ್ಲಿಯೇ. ಹಿಡಿಯುವವನ ನ್ಯಾಯವನ್ನು ಒಪ್ಪಿಕೊಂಡೇ ಅವು ಓಡುವವನ ಉಸಿರನ್ನೂ ನಮಗೆ ಕೇಳಿಸುತ್ತವೆ.

ಆ ಚಿತ್ರಕ್ಕೆ ಸಲಹೆಗಾರನಾಗಿ ಬಂದಿದ್ದವನು ಲಾಸ್ ಏಂಜಲಿಸ್ ಪೊಲೀಸ್ ಇಲಾಖೆಯ ಸಾರ್ಜೆಂಟ್ ಮಾರ್ಟಿ ವಿನ್. ಬಾನುಲಿಯ ಪತ್ತೇದಾರಿ ಕಥೆಗಳಲ್ಲಿ ಸತ್ಯವೇ ಇಲ್ಲವೆಂದು ಅವನು ವೆಬ್ಬನೊಡನೆ ದೂರಿಕೊಂಡನು. ಇಲಾಖೆಯ ಕಡತಗಳಿಂದ ನಿಜವಾದ ಕಥೆಗಳನ್ನು ಕೊಡಿಸಲು ನೆರವಾಗುವೆನೆಂದನು. ವೆಬ್ ಮೊದಲು ಅಷ್ಟಾಗಿ ಕಿವಿಗೊಡಲಿಲ್ಲ. ಆಮೇಲೆ ವಿಷಯ ತಲೆಯಲ್ಲಿ ಕೊರೆಯತೊಡಗಿತು. ವಿನ್ನನ ಜೊತೆ ಪೊಲೀಸ್ ಕಾರಿನಲ್ಲಿ ರಾತ್ರಿಗಳನ್ನು ಕಳೆದನು. ಪೊಲೀಸರು ಹೇಗೆ ಮಾತನಾಡುತ್ತಾರೆ, ಏನನ್ನು ಬರೆದುಕೊಳ್ಳುತ್ತಾರೆ, ಕಾಯುವಾಗ ಏನು ಮಾಡುತ್ತಾರೆ ಎಂಬುದನ್ನೆಲ್ಲ ನೋಡಿ ತಿಳಿದನು. ಅವರ ಕೆಲಸದ ಬಹುಭಾಗ ಗುಂಡಿನ ಕಾಳಗವಲ್ಲ, ಬಾಗಿಲು ಬಾಗಿಲಿಗೆ ಅಲೆಯುವ ಬೇಸರದ ದುಡಿಮೆ ಎಂಬುದು ಅವನಿಗೆ ಕಂಡಿತು. ಈ ಬೇಸರವನ್ನೇ ಕಥೆಯಾಗಿಸಬಹುದೆಂದು ಕಂಡುಕೊಂಡದ್ದು ಅವನ ಪ್ರತಿಭೆ.

1949ರ ಜೂನ್ 3ರಂದು ಎನ್.ಬಿ.ಸಿ. ಬಾನುಲಿಯಲ್ಲಿ ‘ಡ್ರ್ಯಾಗ್ನೆಟ್’ ಆರಂಭವಾಯಿತು. ಹೊಳೆಯ ತಳದವರೆಗೆ ಇಳಿಬಿಟ್ಟು ಎಳೆಯುವ ಮೀನುಬಲೆಗೆ ಆ ಹೆಸರು. ಅಪರಾಧಿಗಾಗಿ ಪೊಲೀಸರು ಊರೆಲ್ಲ ಬೀಸುವ ಬಲೆಗೂ ಅದೇ ಹೆಸರು. ನಾಯಕ ಸಾರ್ಜೆಂಟ್ ಜೋ ಫ್ರೈಡೇ, ಬಿಲ್ಲೆಯ ಸಂಖ್ಯೆ 714. ಅವನಿಗೆ ಉಪಮೆಗಳು ಬಾರವು, ಗರ್ಜನೆಯಿಲ್ಲ, ಪ್ರೇಮಪ್ರಸಂಗವಿಲ್ಲ. ದಿನಾಂಕ, ಹವೆ, ಗಂಟೆ, ವಿಳಾಸ, ಇಷ್ಟನ್ನು ದಿನಚರಿ ಓದಿದಂತೆ ಹೇಳುತ್ತಾನೆ. ಕಥೆ ನಿಜವೆಂದೂ ಹೆಸರುಗಳನ್ನು ಮಾತ್ರ ಬದಲಾಯಿಸಿದೆಯೆಂದೂ ಪ್ರತಿ ಸಲ ಮೊದಲೇ ಸಾರಲಾಗುತ್ತಿತ್ತು. 1949ರ ಡಿಸೆಂಬರಿನಲ್ಲಿ ಪ್ರಸಾರವಾದ ಒಂದು ಕಥೆಯಲ್ಲಿ, ಕ್ರಿಸ್ಮಸ್ ಉಡುಗೊರೆಗೆಂದು ತಂದಿಟ್ಟ ಬಂದೂಕದಿಂದ ಒಬ್ಬ ಬಾಲಕ ಸಾಯುತ್ತಾನೆ. ಅಲ್ಲಿ ದುಷ್ಟನೇ ಇಲ್ಲ. ಹಿಡಿದು ಕಟ್ಟುವುದಕ್ಕೆ ಯಾರೂ ಇಲ್ಲ. ಮನೆಮಂದಿ ಕುಳಿತು ಕೇಳುವ ಪತ್ತೇದಾರಿ ಕಥೆಗಳಲ್ಲಿ ಅಂತಹ ದುಃಖಕ್ಕೆ ಅದುವರೆಗೆ ಎಡೆ ಸಿಕ್ಕಿದ್ದು ಅಪರೂಪ.

1951ರ ಡಿಸೆಂಬರ್ 16ರಂದು ‘ಡ್ರ್ಯಾಗ್ನೆಟ್’ ಟೆಲಿವಿಷನ್ನಿನಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಮೂರು ದಿನಗಳಲ್ಲೇ ಫ್ರೈಡೇಯ ಜೊತೆಗಾರನ ಪಾತ್ರಧಾರಿ ಬಾರ್ಟನ್ ಯಾರ್ಬರೋ ತೀರಿಕೊಂಡನು. ಮುಂದೆ ಆ ಜೊತೆಗಾರನ ಜಾಗಕ್ಕೆ ಬಂದು ನೆಲೆನಿಂತವನು ಬೆನ್ ಅಲೆಕ್ಸಾಂಡರ್. ವೆಬ್ ಇಲ್ಲಿ ಬಡ ಚಿತ್ರಗಳ ಮಿತವ್ಯಯವನ್ನು ಇನ್ನಷ್ಟು ಬಿಗಿಗೊಳಿಸಿದನು. ಅಂದಿನ ಟೆಲಿವಿಷನ್ ಪರದೆ ಅಂಗೈ ಅಗಲ. ದೂರದ ದೃಶ್ಯ ಅದರಲ್ಲಿ ಇರುವೆಯ ಸಾಲಿನಂತೆ ಕಂಡೀತು. ಆದ್ದರಿಂದ ಮುಖಗಳನ್ನು ಹತ್ತಿರದಿಂದ ತೆಗೆದು ಒಂದಾದ ಮೇಲೊಂದರಂತೆ ಜೋಡಿಸಿದನು. ನಟರು ಪಾಠ ಒಪ್ಪಿಸಿ ಅಭ್ಯಾಸ ಮಾಡುತ್ತ ಕುಳಿತರೆ ಹೊತ್ತೂ ಹಣವೂ ಹಾಳೆಂದು, ಎದುರಿಗೆ ಉರುಳುವ ಅಕ್ಷರಗಳನ್ನು ನೋಡಿ ಮಾತನಾಡಲು ಹೇಳಿದನು. ಅದರಿಂದ ಮಾತಿಗೆ ಏರಿಳಿತವಿಲ್ಲದ ಒಣಗಿದ ಧಾಟಿ ಬಂದಿತು. ಅದೇ ಆ ಕಾರ್ಯಕ್ರಮದ ಗುರುತಾಯಿತು. ಕೊರತೆಯನ್ನೇ ಶೈಲಿಯಾಗಿಸುವುದೆಂದರೆ ಇದು. ವಾಲ್ಟರ್ ಶೂಮನ್ನನ ಆರಂಭದ ನಾಲ್ಕು ಸ್ವರಗಳು ಅಮೆರಿಕದ ಮಕ್ಕಳ ಬಾಯಲ್ಲೂ ನಲಿದವು. ಆ ಸ್ವರಗಳು 1946ರ ‘ದಿ ಕಿಲ್ಲರ್ಸ್’ ಎಂಬ ಕಪ್ಪು ಚಿತ್ರಕ್ಕೆ ಮಿಕ್ಲೋಶ್ ರೋಜಾ ಬರೆದ ಸಂಗೀತವನ್ನು ಹೋಲುತ್ತವೆಂದು ವ್ಯಾಜ್ಯವಾಗಿ, ಕೊನೆಗೆ ಹಕ್ಕನ್ನು ಹಂಚಿಕೊಳ್ಳಬೇಕಾಯಿತು. ಸಂಗೀತದಲ್ಲೂ ಟೆಲಿವಿಷನ್ನು ಕಪ್ಪು ಚಿತ್ರದ ಸಾಲಗಾರನೇ ಆಗಿತ್ತು.

ಆದರೆ ಒಂದನ್ನು ಮಾತ್ರ ವೆಬ್ ಹೊತ್ತು ತರಲಿಲ್ಲ, ಅದೇ ಇರುಳು. ಅಂದಿನ ಟೆಲಿವಿಷನ್ ಪೆಟ್ಟಿಗೆಗೆ ಗಾಢವಾದ ಕಪ್ಪನ್ನು ತೋರಿಸುವ ಶಕ್ತಿಯಿರಲಿಲ್ಲ. ಆಲ್ಟನ್ನನ ಕತ್ತಲೆ ಅದರಲ್ಲಿ ಬರಿಯ ಕೆಸರಾಗಿ ಕಂಡೀತು. ಹೀಗೆ ಯಂತ್ರದ ಮಿತಿಯಿಂದಲೇ ಕಚೇರಿಯ ಬೆಳಕು ಎಲ್ಲೆಡೆ ಹರಡಿತು. ಬೆಳಕಿನ ಜೊತೆಗೆ ನೋಟವೂ ಬದಲಾಯಿತು. ಎರಡು ಭಾಗಗಳಿದ್ದ ಚಿತ್ರದಲ್ಲಿ ಒಂದು ಭಾಗ ಮಾತ್ರ ಉಳಿಯಿತು. ಓಡುವವನ ಉಸಿರು ಕೇಳಿಸದಾಯಿತು. ಕೊನೆಯಲ್ಲಿ ಅವನಿಗೆ ಎಷ್ಟು ವರ್ಷ ಶಿಕ್ಷೆಯಾಯಿತೆಂಬ ಲೆಕ್ಕವೊಂದು ಉಳಿಯಿತು.

ಜನ ಮೆಚ್ಚಿದರು. 1954ರ ಮಾರ್ಚ್ ತಿಂಗಳಿನಲ್ಲಿ ‘ಟೈಮ್’ ಪತ್ರಿಕೆ ಅವನ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಅದೇ ವರ್ಷ ‘ಡ್ರ್ಯಾಗ್ನೆಟ್’ ಬಣ್ಣದ ಚಲನಚಿತ್ರವೂ ಆಯಿತು. 1955ರಲ್ಲಿ ತನ್ನ ಬಾಲ್ಯದ ಜ್ಯಾಸ್ ಪ್ರೀತಿಯನ್ನು ‘ಪೀಟ್ ಕೆಲ್ಲಿಸ್ ಬ್ಲೂಸ್’ ಎಂಬ ಚಿತ್ರವಾಗಿಸಿದನು. ಅದರಲ್ಲಿ ನಟಿಸಿದ ಗಾಯಕಿ ಪೆಗ್ಗಿ ಲೀಯ ಹೆಸರು ಆಸ್ಕರ್ ಪ್ರಶಸ್ತಿಗೆ ಸೂಚಿತವಾಯಿತು. 1950ರ ‘ಸನ್‌ಸೆಟ್ ಬುಲವಾರ್ಡ್’ ಚಿತ್ರದಲ್ಲಿ ಇದೇ ವೆಬ್ ನಗೆಮೊಗದ ಗೆಳೆಯನ ಪಾತ್ರದಲ್ಲಿ ಕಾಣಿಸಿಕೊಂಡಿದ್ದನು. ಆ ನಗು ಫ್ರೈಡೇಯ ಮುಖದಲ್ಲಿ ಮತ್ತೆ ಮೂಡುವುದು ತೀರ ವಿರಳವಾಯಿತು. ಬಿಡುವಿಲ್ಲದ ದುಡಿಮೆಯ ನಡುವೆ ಸಂಸಾರವೂ ಒಡೆಯಿತು. 1947ರಲ್ಲಿ ಗಾಯಕಿ ಜೂಲಿ ಲಂಡನ್ನಳನ್ನು ಮದುವೆಯಾಗಿ ಇಬ್ಬರು ಹೆಣ್ಣು ಮಕ್ಕಳನ್ನು ಪಡೆದಿದ್ದವನು ಕೆಲವೇ ವರ್ಷಗಳಲ್ಲಿ ಅವಳಿಂದ ಬೇರೆಯಾದನು. ಒಟ್ಟು ನಾಲ್ಕು ಬಾರಿ ಅವನ ಮದುವೆಯಾಯಿತು.

ಈಗ ಅಹಿತವಾದ ಮಾತೊಂದನ್ನು ಹೇಳಬೇಕು. ‘ಡ್ರ್ಯಾಗ್ನೆಟ್’ ಮೊದಲ ಸಲ ಟೆಲಿವಿಷನ್ನಿನಲ್ಲಿ ಕಂಡ ಒಂಬತ್ತು ದಿನಗಳಿಗೆ, 1951ರ ಡಿಸೆಂಬರ್ 25ರ ನಸುಕಿನಲ್ಲಿ, ಲಾಸ್ ಏಂಜಲಿಸ್ ಪೊಲೀಸರು ತಮ್ಮ ವಶದಲ್ಲಿದ್ದ 7 ಮಂದಿ ತರುಣರನ್ನು ಜೈಲಿನಲ್ಲಿ ಬಡಿದು ಹಣ್ಣುಗಾಯಿ ಮಾಡಿದರು. ಅವರಲ್ಲಿ 5 ಮಂದಿ ಮೆಕ್ಸಿಕೋ ಮೂಲದವರು. ಆ ಪ್ರಕರಣಕ್ಕೆ ‘ರಕ್ತದ ಕ್ರಿಸ್ಮಸ್’ ಎಂಬ ಹೆಸರೇ ಉಳಿಯಿತು. 8 ಮಂದಿ ಪೊಲೀಸರ ಮೇಲೆ ಮೊಕದ್ದಮೆ ನಡೆದು 5 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. 39 ಮಂದಿಯನ್ನು ಕೆಲಸದಿಂದ ಅಮಾನತುಗೊಳಿಸಲಾಯಿತು. ಅದೂ ಕಡತದಲ್ಲಿದ್ದ ಸತ್ಯವೇ. ಅದಕ್ಕೂ ದಿನಾಂಕ, ಗಂಟೆ, ವಿಳಾಸಗಳಿದ್ದವು. ಆದರೆ ವೆಬ್ಬನ ಕೈಗೆ ಕಡತಗಳನ್ನು ಕೊಡುತ್ತಿದ್ದುದು ಇಲಾಖೆ. ಬರೆದ ಕಥೆಗಳನ್ನು ಓದಿ ಒಪ್ಪಿಗೆ ಕೊಡುತ್ತಿದ್ದುದೂ ಇಲಾಖೆ. 1950ರಲ್ಲಿ ಪೊಲೀಸ್ ಮುಖ್ಯಸ್ಥನಾಗಿ ಬಂದಿದ್ದ ವಿಲಿಯಂ ಪಾರ್ಕರನಿಗೆ ಇಲಾಖೆಯ ಹೆಸರು ಬಹಳ ಮುಖ್ಯವಾಗಿತ್ತು. ಇಂತಹ ಕಡತ ಆ ಬಲೆಗೆ ಬೀಳಲಿಲ್ಲ. ಬಲೆಯೆಂದರೆ ದಾರಕ್ಕಿಂತ ಕಿಂಡಿಯೇ ಹೆಚ್ಚಲ್ಲವೇ?

ವೆಬ್ ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ. ಅವನು ಹೇಳಿದ ವಿವರಗಳು ಬಹುಮಟ್ಟಿಗೆ ನಿಜವೇ. ಆದರೆ ನಿಜದ ತುಣುಕುಗಳನ್ನು ಆರಿಸುವ ಕೈ ಒಂದೇ ಕಡೆಯದಾದಾಗ, ತುಣುಕುಗಳೆಲ್ಲ ನಿಜವಾಗಿದ್ದೂ ಒಟ್ಟು ಚಿತ್ರ ಓರೆಯಾಗುತ್ತದೆ. ಈ ಓರೆ ಮೊದಲಿನಿಂದಲೂ ಇತ್ತು. ‘ಹಿ ವಾಕ್ಡ್ ಬೈ ನೈಟ್’ ಚಿತ್ರವೂ ತನ್ನನ್ನು ಸತ್ಯಕಥೆಯೆಂದು ಕರೆದುಕೊಂಡು ಆರಂಭವಾಗುತ್ತದೆ; ಕೊಲೆಗಾರನು ಕೊನೆಗೆ ಕಾಲುವೆಯಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ನಿಜವಾದ ವಾಕರ್ ಸಾಯಲಿಲ್ಲ. 1946ರ ಡಿಸೆಂಬರಿನಲ್ಲಿ ಸೆರೆ ಸಿಕ್ಕಿ, ಮರಣದಂಡನೆಗೆ ಗುರಿಯಾಗಿ, ಅದು ಮುಂದೆ ಜೀವಾವಧಿಗೆ ಇಳಿದು, 1974ರಲ್ಲಿ ಹೊರಗೆ ಬಂದನು. ಕಥೆಗೆ ಗುಂಡು ಬೇಕಾಗಿತ್ತು. ಬದುಕು ಅಷ್ಟು ಬೇಗ ಮುಗಿಯುವುದಿಲ್ಲ.

1959ರಲ್ಲಿ ‘ಡ್ರ್ಯಾಗ್ನೆಟ್’ ನಿಂತಿತು. 1963ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯ ಟೆಲಿವಿಷನ್ ವಿಭಾಗಕ್ಕೆ ವೆಬ್ ಮುಖ್ಯಸ್ಥನಾದನು. ವರ್ಷ ತುಂಬುವುದರೊಳಗೆ ಆ ಕೆಲಸ ಹೋಯಿತು. 1965ರ ಆಗಸ್ಟಿನಲ್ಲಿ ಲಾಸ್ ಏಂಜಲಿಸಿನ ವಾಟ್ಸ್ ಎಂಬ ಕರಿಯರ ಬಡಾವಣೆಯಲ್ಲಿ, ವಾಹನ ಸವಾರನೊಬ್ಬನ ಬಂಧನದಿಂದ ಹೊತ್ತಿಕೊಂಡ ದಂಗೆಯಲ್ಲಿ 34 ಮಂದಿ ಸತ್ತರು. ಟೆಲಿವಿಷನ್ನಿನ ಪೊಲೀಸನಿಗೂ ಬೀದಿಯ ಪೊಲೀಸನಿಗೂ ನಡುವೆ ಇದ್ದ ಅಂತರ ಆ ಬೆಂಕಿಯ ಬೆಳಕಿನಲ್ಲಿ ಲೋಕಕ್ಕೆ ಕಂಡಿತು. 1967ರಲ್ಲಿ ಫ್ರೈಡೇ ಮತ್ತೆ ಬಂದನು, ಈ ಸಲ ಬಣ್ಣದಲ್ಲಿ, ಹ್ಯಾರಿ ಮಾರ್ಗನ್ನನ ಜೊತೆಯಲ್ಲಿ. ಮೊದಲ ಕಥೆಯೇ ಎಲ್.ಎಸ್.ಡಿ. ಎಂಬ ಮಾದಕವಸ್ತುವಿನ ಮೇಲೆ. ಹಳೆಯ ಫ್ರೈಡೇ ಕೇಳುತ್ತಿದ್ದನು, ಬರೆದುಕೊಳ್ಳುತ್ತಿದ್ದನು. ಹೊಸ ಫ್ರೈಡೇ ತರುಣರಿಗೆ ಉಪದೇಶ ಮಾಡತೊಡಗಿದನು. ಕೇಳುವುದನ್ನು ಬಿಟ್ಟ ಕಲೆಗೆ ಮುಪ್ಪು ಬಂದಂತೆಯೇ. ಆ ಸರಣಿ 1970ರಲ್ಲಿ ಮುಗಿಯಿತು.

ಆದರೂ ವೆಬ್ಬನ ಕೈ ಸೋಲಲಿಲ್ಲ. ಗಸ್ತಿನ ಪೊಲೀಸರ ಮೇಲಿನ ‘ಆಡಂ-12’ 1968ರಿಂದ 1975ರವರೆಗೆ ನಡೆಯಿತು. 1972ರಲ್ಲಿ ಆರಂಭವಾದ ‘ಎಮರ್ಜೆನ್ಸಿ!’ ಅಗ್ನಿಶಾಮಕ ದಳದ ತುರ್ತು ಚಿಕಿತ್ಸಕರ ಕಥೆ. ಆಗ ಅಮೆರಿಕದ ಬಹುಭಾಗಕ್ಕೆ ಅಂತಹ ಸೇವೆ ಹೊಸದು. ಅದೇನೆಂದು ಜನಕ್ಕೆ ತಿಳಿಸಿದ ಕೀರ್ತಿ ಈ ಕಾರ್ಯಕ್ರಮಕ್ಕೆ ಸಲ್ಲುತ್ತದೆ. ಅದರಲ್ಲಿ ದಾದಿಯ ಪಾತ್ರವನ್ನು ತನ್ನಿಂದ ಬೇರೆಯಾಗಿದ್ದ ಜೂಲಿ ಲಂಡನ್ನಳಿಗೂ, ವೈದ್ಯನ ಪಾತ್ರವನ್ನು ಅವಳ ಎರಡನೆಯ ಪತಿ ಬಾಬಿ ಟ್ರೂಪನಿಗೂ ಕೊಟ್ಟನು. ಮುಖದಲ್ಲಿ ನಗುವಿಲ್ಲದವನ ಮನಸ್ಸು ಸಣ್ಣದಾಗಿರಲಿಲ್ಲ.

1982ರ ಡಿಸೆಂಬರ್ 23ರಂದು, 62ನೆಯ ವಯಸ್ಸಿನಲ್ಲಿ, ಜ್ಯಾಕ್ ವೆಬ್ ಹೃದಯಾಘಾತದಿಂದ ತೀರಿಕೊಂಡನು. ಒಂದು ದಿನವೂ ಪೊಲೀಸ್ ನೌಕರಿ ಮಾಡದ ಅವನಿಗೆ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆ ಪೂರ್ಣ ಗೌರವ ಸಲ್ಲಿಸಿತು. 714 ಎಂಬ ಬಿಲ್ಲೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡಬಾರದೆಂದು ಇಲಾಖೆಯ ಮುಖ್ಯಸ್ಥನು ನಿವೃತ್ತಿಗೊಳಿಸಿದನು. ತಂದೆಯನ್ನು ಕಾಣದ ಹುಡುಗನನ್ನು ಒಂದು ಇಲಾಖೆಯೇ ಮಗನೆಂದು ಒಪ್ಪಿಕೊಂಡಂತಾಯಿತು.

ಬಡತನದಿಂದ ಬಂದವನು ಲೆಕ್ಕ ಕಲಿತಿರುತ್ತಾನೆ. ಒಂದು ದೀಪದಿಂದ ಕೋಣೆ ಬೆಳಗುವುದು, ಒಂದು ಮಾತಿನಿಂದ ಹತ್ತು ಮಾತಿನ ಕೆಲಸ ತೆಗೆಯುವುದು ಅವನಿಗೆ ಕೈವಶ. ಈ ವಿದ್ಯೆಯನ್ನು ವೆಬ್ಬನಷ್ಟು ಚೆನ್ನಾಗಿ ಬಳಸಿದವರು ವಿರಳ; ಇಂದಿನ ಪೊಲೀಸ್ ಧಾರಾವಾಹಿಗಳೆಲ್ಲ ಅವನ ಋಣಿಗಳು. ಆದರೆ ಬಡ ಕೇರಿಯಿಂದ ಬಂದವನಿಗೆ ಇನ್ನೊಂದು ವಿದ್ಯೆಯೂ ಗೊತ್ತಿರುತ್ತದೆ. ಕಚೇರಿಯ ಬೆಳಕಿನಲ್ಲಿ ಮೇಜಿನ ಈಚೆ ನಿಂತವನಿಗೆ ಏನನ್ನಿಸುತ್ತದೆ ಎಂಬುದನ್ನು ಅವನು ಬಲ್ಲನು. ಬಂಕರ್ ಹಿಲ್ಲಿನ ಹುಡುಗನಿಗೆ ಅದು ತಿಳಿದೇ ಇದ್ದಿರಬೇಕು. ಮೇಜಿನ ಆಚೆ ಕುರ್ಚಿ ಸಿಕ್ಕಿದ ಮೇಲೆ ಅದು ಮರೆಯಿತು. ನಾಳೆ ಪದವಿ ಪಡೆದು ಕಚೇರಿ, ನ್ಯಾಯಾಲಯ, ಶಾಲೆಗಳ ಮೇಜಿನ ಹಿಂದೆ ಕೂರಲಿರುವವರು ನಾವು. ನಮ್ಮ ಮುಂದೆಯೂ ಕಡತಗಳು ಬರುತ್ತವೆ. ಅವುಗಳಲ್ಲಿ ಹೆಸರು, ದಿನಾಂಕ, ವಿಳಾಸಗಳು ಸರಿಯಾಗಿಯೇ ಇರುತ್ತವೆ. ಕಡತಕ್ಕೆ ಸೇರದೆ ಹೊರಗುಳಿದದ್ದು ಏನೆಂದು ಕೇಳುವ ಅಭ್ಯಾಸವನ್ನು ನಾವು ಮನೆಯಿಂದ ತಂದಿದ್ದೇವೆ. ಅದನ್ನು ದಾರಿಯಲ್ಲಿ ಕಳೆದುಕೊಳ್ಳದಿದ್ದರೆ ನಾವು ಓದಿದ್ದು ಸಾರ್ಥಕ.